ದಮ್ಮಿನ ಕಾಯಿಲೆಗೆ ಪಿಂಚಣಿ, ಪರಿಹಾರ: ಮೊದಲು ಯಾವ ಆಫೀಸಿಗೆ ಹೋಗಬೇಕು?

ನಮ್ಮ ಕಾಕಾ ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯಲ್ಲಿ 22 ವರ್ಷ ದುಡಿದವರು. ಅದರಲ್ಲಿ ಜಾಸ್ತಿ ವರ್ಷ ಬ್ಲೋರೂಮ್ ಮತ್ತು ಕಾರ್ಡಿಂಗ್‌ನಲ್ಲಿ. ಗಿರಣಿಯಲ್ಲಿ ಹತ್ತಿಯ ಧೂಳು ಅತಿ ಹೆಚ್ಚು ಹಾರುವ ಜಾಗಗಳೇ ಅವು. ಈಗ ಅವರು ಓಣಿಯ ತುದಿಯ ಕಿರಾಣಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎರಡು ಮನೆಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. ಅಂಗವಿಕಲರ ಕಾರ್ಡು ಮಾಡಿಸಿದರೆ ತಿಂಗಳಿಗೆ ಒಂದಿಷ್ಟು ಮಾಸಾಶನವಾದರೂ ಬಂದೀತು ಅಂತ ನಾನು ಅವರನ್ನು ಕರೆದುಕೊಂಡು ಮೂರು ಸಲ ಆಸ್ಪತ್ರೆಗೆ ಅಲೆದೆ. ಮೂರನೇ ಸಲ ಒಬ್ಬ ಡಾಕ್ಟರು ಕೂರಿಸಿಕೊಂಡು ಹೇಳಿದರು. "ಇವರಿಗೆ ತ್ರಾಸ ಐತಿ ಅನ್ನೋದು ನನಗ ಕಾಣಸ್ತದ. ಆದ್ರ ಆ ಕಾರ್ಡಿನ ಪಟ್ಟಿಯೊಳಗ ಈ ಕಾಯಿಲಿನ ಇಲ್ರಿ."

ಮೊದಲ ದಿನವೇ ಯಾರಾದರೂ ಇದನ್ನು ಹೇಳಿದ್ದರೆ ಕಾಕಾ ಅಷ್ಟು ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ದಮ್ಮು ಹತ್ತಿ ಕೂತಿರುವ ಎಷ್ಟೋ ಮನೆಗಳಿವೆ. ಹತ್ತಿ ಜಿನ್ನು, ಕಲ್ಲಿನ ಕ್ರಷರ್, ಬ್ಯಾಡಗಿಯ ಮೆಣಸಿನಕಾಯಿ, ಹಿಟ್ಟಿನ ಗಿರಣಿ, ಒಲೆಯ ಹೊಗೆ, ಹಳೆಯ ಟಿಬಿ, ಕಾರಣ ಒಂದೊಂದು ಮನೆಗೆ ಒಂದೊಂದು. ಆ ಮನೆಗಳವರು ನಮ್ಮ ಹಾಗೆ ಅಲೆಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಂಗವಿಕಲರ ಕಾರ್ಡಿನ ವಿಷಯ ಮೊದಲು ಮುಗಿಸೋಣ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಅದರಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಕೈಕಾಲು, ಕಣ್ಣು, ಕಿವಿ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಸಿಕಲ್ ಸೆಲ್, ಹೀಗೆ. ಶ್ವಾಸಕೋಶದ ಕಾಯಿಲೆ ಆ ಪಟ್ಟಿಯಲ್ಲಿ ಇಲ್ಲ. ಸಿಒಪಿಡಿ (ಉಸಿರಿನ ನಳಿಕೆಗಳು ಕಾಯಂ ಕಿರಿದಾಗುವ ಕಾಯಿಲೆ) ಇರಲಿ, ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಕಾಯಿಲೆ) ಇರಲಿ, ಮನೆಯಲ್ಲಿ ಆಕ್ಸಿಜನ್ ಮಷೀನು ಹಚ್ಚಿಕೊಂಡು ಮಲಗಿರಲಿ, ಬರೀ ಆ ಕಾರಣಕ್ಕೆ ಯುಡಿಐಡಿ ಅನ್ನುವ ಈ ಅಂಗವಿಕಲರ ಕಾರ್ಡು ಸಿಗುವುದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ನೂರು ಹೆಜ್ಜೆ ನಡೆಯಲಾಗದವನಿಗೆ ಕಾಲಿದ್ದೂ ಏನು ಬಂತು? ಆದರೆ ಇವತ್ತಿನ ಕಾನೂನು ಹಾಗೇ ಇದೆ. "ದುಡ್ಡು ಕೊಡ್ರಿ, ದಮ್ಮಿನ ಮ್ಯಾಲೇ ಕಾರ್ಡ್ ಮಾಡಿಸಿ ಕೊಡ್ತೀನಿ" ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಒಂದು ವಿಷಯವನ್ನು ಮಾತ್ರ ನೋಡಿಕೊಳ್ಳಿ. ದಮ್ಮಿನ ಜೊತೆಗೆ ಬೇರೆ ತೊಂದರೆಯೂ ಇದೆಯಾ? ಹಿಂದೆ ಟಿಬಿಗೆ ತಿಂಗಳುಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಕೆಲವರಿಗೆ ಕಿವಿ ಮಂದವಾಗಿರುತ್ತದೆ. ಸ್ಟ್ರೆಪ್ಟೋಮೈಸಿನ್, ಕಾನಮೈಸಿನ್‌ನಂಥ ಔಷಧಿಗಳಿಗೆ ಆ ಗುಣ ಇದೆ. ಬೆನ್ನುಮೂಳೆಗೆ ಟಿಬಿ ತಗುಲಿ ನಡಿಗೆ ಕೆಟ್ಟಿರಬಹುದು. ಮಗ್ಗದ ಸದ್ದಿನಲ್ಲಿ, ಗಿರಣಿಯ ಸದ್ದಿನಲ್ಲಿ ಕಿವಿ ಹೋಗಿರಬಹುದು. ಇವೆಲ್ಲ ಪಟ್ಟಿಯಲ್ಲಿವೆ. ಶೇ. 40 ದಾಟಿದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಇದು ತಿಂಗಳಿಗೆ 800 ರೂಪಾಯಿ, ಶೇ. 75ಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ. ದಮ್ಮಿನ ಚಿಂತೆಯಲ್ಲಿ ಕಿವಿಯ ಕಡೆ ಯಾರೂ ಗಮನ ಕೊಟ್ಟಿರುವುದಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿ.

ಕಾಯಿಲೆ ಯಾವುದು ಅನ್ನುವುದಕ್ಕಿಂತ ಎಲ್ಲಿ ದುಡಿದಿರಿ ಅನ್ನುವುದು ಮುಖ್ಯ

ನನಗೆ ತಡವಾಗಿ ತಿಳಿದದ್ದು ಇದು. ಒಂದೇ ಕಾಯಿಲೆ ಇರುವ ಇಬ್ಬರಲ್ಲಿ ಒಬ್ಬರಿಗೆ ಇಎಸ್‌ಐ, ಅಂದರೆ ಪಗಾರದಲ್ಲಿ ಕಡಿತವಾಗುವ ಕಾರ್ಮಿಕರ ವಿಮೆಯ ಹಣ ಬರುತ್ತದೆ, ಇನ್ನೊಬ್ಬರು ಮಾಲೀಕರಿಂದ ಪರಿಹಾರ ಕೇಳಬೇಕಾಗುತ್ತದೆ. ಮೂರನೆಯವರಿಗೆ ಲೇಬರ್ ಕಾರ್ಡೇ ಆಧಾರ. ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲು ಮನೆಯಲ್ಲಿ ಕೂತು ಒಂದು ಹಾಳೆ ಬರೆಯಿರಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಊರಲ್ಲಿ, ಯಾರ ಹತ್ತಿರ, ಯಾವ ಕೆಲಸ, ದಿನಕ್ಕೆ ಎಷ್ಟು ತಾಸು, ಅಲ್ಲಿ ಯಾವ ಧೂಳು. ಮಾಸ್ಕ್ ಕೊಟ್ಟಿದ್ದರೋ ಇಲ್ಲವೋ. ಜೊತೆಗೆ ದುಡಿದವರು ಯಾರು, ಅವರಲ್ಲಿ ಇನ್ನೂ ಯಾರಿಗೆ ದಮ್ಮು ಬಂದಿದೆ. ಬೀಡಿ ಸೇದುತ್ತಿದ್ದರೆ ಅದನ್ನೂ ಬರೆಯಿರಿ. ಮುಚ್ಚಿಟ್ಟರೆ ಮುಂದೆ ಅದೇ ನಿಮ್ಮ ಕೇಸಿಗೆ ಕುತ್ತಾಗುತ್ತದೆ.

ಆಮೇಲೆ ಟ್ರಂಕು ತೆಗೆಯಿರಿ. ಹಾಜರಿ ಚೀಟಿ, ಪಗಾರದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ನಂಬರು, ಗಿರಣಿಯ ಗುರುತಿನ ಚೀಟಿ, ಬೋನಸ್ ಕೊಟ್ಟ ಕಾಗದ, ಎಲ್ಲವೂ ಬೇಕು. ಏನೂ ಇಲ್ಲದಿದ್ದರೆ ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಆದರೂ ಹುಡುಕಿ. ಕಾಕಾ ಅವರ ಇಎಸ್‌ಐ ಕಾರ್ಡು ಸಿಕ್ಕಿದ್ದು ಕಾಕುನ ಹಳೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ.

ಉಸಿರನ್ನು ಅಂಕಿಯಲ್ಲಿ ಬರೆಸಿ

ಕಾಲು ಮುರಿದರೆ ಎಲ್ಲರಿಗೂ ಕಾಣುತ್ತದೆ. ದಮ್ಮು ಕಾಣುವುದಿಲ್ಲ. ಕುರ್ಚಿಯ ಮೇಲೆ ಸುಮ್ನೆ ಕೂತಿರುವ ಮನುಷ್ಯ ಆರಾಮಾಗಿಯೇ ಇದ್ದಾನೆ ಅನ್ನಿಸುತ್ತದೆ, ಅಲ್ವಾ? ಹಾಗಾಗಿ ಈ ಕೆಲಸದಲ್ಲಿ ಪರೀಕ್ಷೆಯ ಕಾಗದಗಳೇ ನಿಮ್ಮ ಪರವಾಗಿ ಮಾತಾಡಬೇಕು.

ಮುಖ್ಯವಾದದ್ದು ಊದುವ ಟೆಸ್ಟ್. ಆಸ್ಪತ್ರೆಯಲ್ಲಿ ಪಿಎಫ್‌ಟಿ ಅಥವಾ ಸ್ಪೈರೋಮೆಟ್ರಿ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಾದರೆ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೆಸರು ಬದಲಾಗಿದ್ದರೂ ಜನ ಇನ್ನೂ ಕಿಮ್ಸ್ ಅಂತಲೇ ಕರೆಯುತ್ತಾರೆ. ಗದಗದಲ್ಲಿ ಜಿಮ್ಸ್ ಇದೆ, ಹಾವೇರಿಗೂ ಈಗ ವೈದ್ಯಕೀಯ ಕಾಲೇಜು ಬಂದಿದೆ. ಎದೆರೋಗದ ವಿಭಾಗಕ್ಕೆ ಚೀಟಿ ಮಾಡಿಸಿ. ಟೆಸ್ಟಿನಲ್ಲಿ ಎಫ್‌ಇವಿ1 ಅನ್ನುವ ಅಂಕಿ ಬರುತ್ತದೆ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದರ ಲೆಕ್ಕ ಅದು. ಸಿಒಪಿಡಿ ಇದ್ದವರಲ್ಲಿ ಅದು ನಿಮ್ಮ ವಯಸ್ಸು, ಎತ್ತರಕ್ಕೆ ಇರಬೇಕಾದ್ದರ ಶೇ. 50ಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ತೀವ್ರ, ಶೇ. 30ಕ್ಕಿಂತ ಕೆಳಗಿದ್ದರೆ ಅತಿ ತೀವ್ರ ಅಂತ ಡಾಕ್ಟರುಗಳು ಹಿಡಿಯುತ್ತಾರೆ. ಪಂಪು (ಇನ್‌ಹೇಲರ್) ತೆಗೆದುಕೊಳ್ಳುವ ಮೊದಲು ಒಮ್ಮೆ, ತೆಗೆದುಕೊಂಡ ಮೇಲೆ ಒಮ್ಮೆ ಊದಿಸುತ್ತಾರೆ. ಎರಡೂ ಅಂಕಿ ರಿಪೋರ್ಟಿನಲ್ಲಿ ಇರಬೇಕು.

ಪೂರ್ತಿ ಶಕ್ತಿ ಹಾಕಿ ಊದಿ. ಕಡಿಮೆ ಊದಿದರೆ ದುರ್ಬಲತೆಯ ಪರ್ಸಂಟೇಜ್ ಜಾಸ್ತಿ ಬರುತ್ತದೆ ಅಂತ ಕೆಲವರು ಕಿವಿಯಲ್ಲಿ ಹೇಳುತ್ತಾರೆ. ಕೇಳಬೇಡಿ. ಮೂರು ನಾಲ್ಕು ಸಲ ಊದಿಸುತ್ತಾರೆ. ಬೇಕಂತಲೇ ತಡೆದು ಊದಿದರೆ ಒಂದು ಸಲದ್ದು ಇನ್ನೊಂದು ಸಲದ್ದಕ್ಕೆ ಹೊಂದುವುದಿಲ್ಲ. ಅದು ಗ್ರಾಫಿನಲ್ಲಿ ಕಾಣುತ್ತದೆ. ಆಮೇಲೆ ನಿಮ್ಮ ನಿಜವಾದ ಕಷ್ಟವನ್ನೂ ಯಾರೂ ನಂಬುವುದಿಲ್ಲ. ನೆಗಡಿ, ಕಫ ಜೋರಾಗಿರುವ ವಾರ ಈ ಟೆಸ್ಟ್ ಬೇಡ. ಸುಧಾರಿಸಿದ ಮೇಲೆ ಮಾಡಿಸಿ.

ಇನ್ನೊಂದು ಆರು ನಿಮಿಷದ ನಡಿಗೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಸಿ, ಎಷ್ಟು ಮೀಟರ್ ನಡೆದಿರಿ, ಬೆರಳಿನ ಮಷೀನಿನಲ್ಲಿ ಆಕ್ಸಿಜನ್ ಎಷ್ಟಕ್ಕೆ ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಕೂತಾಗ 94 ಇದ್ದು ನಡೆದಾಗ 85ಕ್ಕೆ ಇಳಿಯುವವರಿದ್ದಾರೆ. ಕೂರಿಸಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಹೃದಯದ ಬಲಭಾಗಕ್ಕೆ ಒತ್ತಡ ಬಿದ್ದಿದೆಯಾ ಅಂತ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಇದು ಯಾಕೆ ಬೇಕು ಅನ್ನುವುದು ಇಎಸ್‌ಐ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಡಾಕ್ಟರು "ಹೆಂಗದರೀ?" ಅಂದಾಗ ನಮ್ಮ ಹಿರಿಯರು "ಆರಾಮದೀನ್ರಿ" ಅಂದುಬಿಡುತ್ತಾರೆ. ಅದು ನಮ್ಮ ಕಡೆಯ ರೂಢಿ. ಡಾಕ್ಟರು ಹಾಗೇ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಅದರ ಬದಲು ಇದ್ದದ್ದನ್ನು ಹೇಳಿ. ಸಪಾಟು ರಸ್ತೆಯಲ್ಲಿ ಓರಗೆಯವರ ಜೊತೆ ಹೆಜ್ಜೆ ಹಾಕಲು ಆಗುತ್ತದಾ? ಸುಮಾರು ನೂರು ಮೀಟರ್ ನಡೆದ ಮೇಲೆ ನಿಲ್ಲಲೇಬೇಕಾ? ಅಂಗಿ ಹಾಕಿಕೊಳ್ಳುವಾಗಲೇ ದಮ್ಮು ಹತ್ತುತ್ತದಾ, ಮನೆಯಿಂದ ಹೊರಗೆ ಬರುವುದೇ ನಿಂತಿದೆಯಾ? ದಮ್ಮಿನ ತೀವ್ರತೆಯನ್ನು 0ಯಿಂದ 4ರವರೆಗೆ ಗುರುತಿಸುವ ಅಳತೆ ಇರುವುದು ಇದೇ ಪ್ರಶ್ನೆಗಳ ಮೇಲೆ. ನೂರು ಮೀಟರಿಗೆ ನಿಂತರೆ 3, ಬಟ್ಟೆ ಹಾಕುವಾಗಲೇ ದಮ್ಮು ಬಂದರೆ 4. ಆ ಅಂಕಿಯನ್ನು ಚೀಟಿಯಲ್ಲಿ ಬರೆಯಲು ಕೇಳಿ.

ಹತ್ತಿಯಲ್ಲಿ ದುಡಿದವರು ಒಂದು ಮಾತು ಮರೆಯಬೇಡಿ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತಿತ್ತಾ, ವಾರ ಮುಂದೆ ಹೋದ ಹಾಗೆ ಕಡಿಮೆಯಾಗುತ್ತಿತ್ತಾ? ಬಿಸಿನೋಸಿಸ್ ಅನ್ನುವ ಹತ್ತಿಧೂಳಿನ ಕಾಯಿಲೆಯ ದೊಡ್ಡ ಗುರುತು ಅದು. ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ. ಕಾಕಾ ನನ್ನ ಮುಂದೆ ಇದನ್ನು ಹತ್ತು ವರ್ಷದಿಂದ ಹೇಳುತ್ತಿದ್ದರು. ಡಾಕ್ಟರ ಮುಂದೆ ಒಮ್ಮೆಯೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಕ್ರಷರ್, ಕಲ್ಲು ಕಡಿಯುವವರ ಸಿಲಿಕೋಸಿಸ್ ಹಾಗಲ್ಲ, ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಆದರೆ ಕೆಲಸದ ವಿಷಯ ಹೇಳದಿದ್ದರೆ ಅದನ್ನು ಟಿಬಿ ಅಂತ ತಿಳಿದುಕೊಳ್ಳುವ ಸಾಧ್ಯತೆ ಇದೆ. ನೀವು ಬರೆದ ಹಾಳೆಯನ್ನು ಡಾಕ್ಟರಿಗೆ ಕೊಟ್ಟು, ಕೆಲಸಕ್ಕೂ ಕಾಯಿಲೆಗೂ ಸಂಬಂಧ ಇದ್ದರೆ ಅದನ್ನು ಬರೆಯಿರಿ ಅಂತ ವಿನಂತಿಸಿ.

ರಾಜೀನಾಮೆಗೆ ಸಹಿ ಹಾಕಬೇಡಿ

ಇನ್ನೂ ಕೆಲಸದಲ್ಲಿದ್ದರೆ ಇದನ್ನು ಎರಡು ಸಲ ಓದಿ. ಆರೋಗ್ಯ ಸರಿ ಇಲ್ಲ, ಮನೆಯಲ್ಲಿರಿ, ಇಲ್ಲೊಂದು ಸಹಿ ಹಾಕಿ ಅಂತ ಮಾಲೀಕರ ಕಡೆಯವರು ಕಾಗದ ತರುತ್ತಾರೆ. ಕಾಕಾ ಮುಂದೆಯೂ ತಂದಿದ್ದರು. ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಇಎಸ್‌ಐನ ಅನಾರೋಗ್ಯ ಭತ್ಯೆ, ಪಿಎಫ್‌ನ ಅಂಗವೈಕಲ್ಯ ಪಿಂಚಣಿ, ಇವೆಲ್ಲ ನೌಕರಿಯಲ್ಲಿ ಇರುವುದರ ಮೇಲೆಯೇ ನಿಂತಿವೆ. ಸ್ವಂತ ಇಚ್ಛೆಯಿಂದ ಬಿಟ್ಟೆ ಅಂತ ಒಮ್ಮೆ ಬರೆದುಕೊಟ್ಟರೆ ಆಮೇಲೆ ವಾದ ಮಾಡುವುದು ಕಷ್ಟ. ಮೊದಲು ರಜೆ, ಆಮೇಲೆ ಭತ್ಯೆ, ಆಮೇಲೆ ಮೆಡಿಕಲ್ ಬೋರ್ಡ್ (ದುಡಿಯುವ ಶಕ್ತಿ ಎಷ್ಟು ಉಳಿದಿದೆ ಅಂತ ನೋಡುವ ಡಾಕ್ಟರುಗಳ ಮಂಡಳಿ). ಕೆಲಸ ಬಿಡುವ ಮಾತು ಕೊನೆಗೆ.

ಇಎಸ್‌ಐ ಇದ್ದವರು

ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇದ್ದು, ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ದುಡಿಯುತ್ತಿದ್ದರೆ ಸಾಮಾನ್ಯವಾಗಿ ಇಎಸ್‌ಐ ಇರುತ್ತದೆ. ಪಗಾರದ ಚೀಟಿಯಲ್ಲಿ ಕಡಿತ ನೋಡಿ. ಹುಬ್ಬಳ್ಳಿಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ, ಉಪ ಪ್ರಾದೇಶಿಕ ಕಚೇರಿಯೂ ಇದೆ.

ಮೊದಲು ಸಿಗುವುದು ಸಿಕ್‌ನೆಸ್ ಬೆನಿಫಿಟ್. ಸಂಬಳದ ಶೇ. 70, ವರ್ಷಕ್ಕೆ 91 ದಿನ. ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಡಬೇಕು. ಖಾಸಗಿ ಡಾಕ್ಟರ ಚೀಟಿ ಒಂದನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

91 ದಿನ ಮುಗಿದರೆ ಎಲ್ಲ ಮುಗಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ದೀರ್ಘ ಕಾಯಿಲೆಗಳಿಗೆ ಎಕ್ಸ್‌ಟೆಂಡೆಡ್ ಸಿಕ್‌ನೆಸ್ ಬೆನಿಫಿಟ್ ಇದೆ. ಸಂಬಳದ ಶೇ. 80, ಎರಡು ವರ್ಷದವರೆಗೂ ಸಿಗಬಹುದು. ಅದಕ್ಕೆ 34 ಕಾಯಿಲೆಗಳ ಪಟ್ಟಿ ಇದೆ. ಟಿಬಿ, ಬ್ರಾಂಕಿಯೆಕ್ಟಾಸಿಸ್ (ಉಸಿರಿನ ನಳಿಕೆ ಹಿಗ್ಗಿ ಕಫ ತುಂಬುವ ಕಾಯಿಲೆ), ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್ (ಶ್ವಾಸಕೋಶ ಒಳಗೇ ಗಟ್ಟಿಯಾಗುವ ಕಾಯಿಲೆ) ಅದರಲ್ಲಿವೆ. ಸಿಒಪಿಡಿಯೂ ಇದೆ, ಆದರೆ ಅದರಿಂದ ಹೃದಯ ಸೋತಿರಬೇಕು. ಎಕೋ ಮಾಡಿಸಿ ಅಂದಿದ್ದು ಇದಕ್ಕೇ. ಬರೀ "ಸಿಒಪಿಡಿ" ಅಂತ ಬರೆದ ಚೀಟಿ ವಾಪಸ್ ಬರಬಹುದು. ಹೃದಯದ ವಿಷಯ ಎಕೋದಲ್ಲಿ ಕಂಡಿದ್ದರೆ ಅದನ್ನೂ ಸೇರಿಸಿ ಬರೆಯಿಸಿ. ಕಾಯಿಲೆ ಶುರುವಾಗುವ ಹೊತ್ತಿಗೆ ಎರಡು ವರ್ಷ ಸತತ ನೌಕರಿ ಆಗಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಆರು ತಿಂಗಳಿಗೆ ಒಂದು ಅವಧಿ) ಒಟ್ಟು 156 ದಿನದ ವಂತಿಗೆ ಕಟ್ಟಿರಬೇಕು. ಕಾಕಾ ಅವರಿಗೆ ಸಿಟಿ ಸ್ಕ್ಯಾನಿನಲ್ಲಿ ಬ್ರಾಂಕಿಯೆಕ್ಟಾಸಿಸ್ ಕಂಡಿತ್ತು. ಆ ಒಂದು ಪದ ಚೀಟಿಗೆ ಬಂದ ಮೇಲೆ ಅರ್ಜಿ ಮುಂದೆ ಹೋಯಿತು.

ಕೆಲಸದಿಂದಲೇ ಬಂದ ಕಾಯಿಲೆ ಅಂತಾದರೆ ಇನ್ನೂ ಒಂದು ಇದೆ. ಸಿಲಿಕೋಸಿಸ್, ಬಿಸಿನೋಸಿಸ್ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿವೆ. ದುಡಿಯುವ ಶಕ್ತಿ ಎಷ್ಟು ಕಳೆದುಹೋಗಿದೆ ಅಂತ ಮೆಡಿಕಲ್ ಬೋರ್ಡ್ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಅದರಂತೆ ಬದುಕಿರುವವರೆಗೂ ತಿಂಗಳ ಹಣ ಬರುತ್ತದೆ. ಬೋರ್ಡಿನ ಮುಂದೆ ಹೋಗುವ ದಿನ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಪಂಪು, ಮಾತ್ರೆ, ಎಲ್ಲವೂ ಕೈಚೀಲದಲ್ಲಿರಲಿ. ಬೋರ್ಡ್ ಕಡಿಮೆ ಶೇಕಡಾ ಕೊಟ್ಟರೆ ಮೇಲ್ಮನವಿ ಹಾಕುವ ಹಕ್ಕು ಇದೆ.

ಕೆಲಸದಿಂದ ಬಂದ ಶಾಶ್ವತ ಅಂಗವೈಕಲ್ಯದಿಂದ ನೌಕರಿ ಬಿಡಬೇಕಾಗಿ ಬಂದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಚಿಕಿತ್ಸೆ ಮುಂದುವರಿಸಬಹುದು. ತಿಂಗಳ ಪಂಪಿನ ಖರ್ಚು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಇಎಸ್‌ಐ ಇಲ್ಲದವರು

ಹತ್ತಿ ಜಿನ್ನಿನಲ್ಲಿ ದುಡಿದವರು ಇದನ್ನು ತಿಳಿದಿರಬೇಕು. ಬರೀ ಜಿನ್ನಿಂಗ್, ಪ್ರೆಸ್ಸಿಂಗ್ ಮಾಡುವ ಕಾರ್ಖಾನೆಗಳನ್ನು ಕಾನೂನು ಹಂಗಾಮಿನ ಕಾರ್ಖಾನೆ ಅಂತ ಇಎಸ್‌ಐನಿಂದ ಹೊರಗೆ ಇಟ್ಟಿದೆ. ನೂಲಿನ ಗಿರಣಿಯವರಿಗೆ ಇರುವ ಇಎಸ್‌ಐ, ಅದೇ ಹತ್ತಿಯನ್ನು ಬಿಡಿಸಿದ ಜಿನ್ನಿನವರಿಗೆ ಇಲ್ಲ. ಅವರು ಮಾಲೀಕರಿಂದ ಪರಿಹಾರ ಕೇಳಬೇಕು. ಮೊದಲು ಇದು 1923ರ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ, ಔದ್ಯೋಗಿಕ ಕಾಯಿಲೆಗಳ ಪಟ್ಟಿ ಅದರಲ್ಲೂ ಇದೆ. ಕಾಯಿಲೆ ಕೆಲಸದಿಂದ ಬಂದದ್ದು ಅಂತ ಡಾಕ್ಟರು ಬರೆದುಕೊಟ್ಟ ತಕ್ಷಣ ಮಾಲೀಕರಿಗೆ ಲಿಖಿತ ನೋಟಿಸ್ ಕೊಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ತಡ ಮಾಡಬೇಡಿ. ಕೆಲಸ ಬಿಟ್ಟ ಮೇಲೆ ಕಾಯಿಲೆ ಕಾಣಿಸಿಕೊಂಡರೂ ದಾರಿ ಪೂರ್ತಿ ಮುಚ್ಚಿಲ್ಲ.

ಇಲ್ಲಿ ವಕೀಲರು ಬೇಕೇ ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಕೊಡುತ್ತಾರೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಕೋರ್ಟಿನ ಆವರಣದಲ್ಲಿ ಕೇಳಿದರೆ ತೋರಿಸುತ್ತಾರೆ. ಫೋನ್ ಮಾಡುವುದಾದರೆ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆಯ ಕಾರ್ಮಿಕರು, ಇವರಿಗೆಲ್ಲ ಹಕ್ಕಿದೆ.

ಗಾರೆ ಕೆಲಸ, ಕಲ್ಲಿನ ಕೆಲಸ ಮಾಡಿದವರು ಲೇಬರ್ ಕಾರ್ಡು ಚಾಲ್ತಿಯಲ್ಲಿದೆಯಾ ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ದುರ್ಬಲತೆ ಪಿಂಚಣಿ ಇದೆ. ತಿಂಗಳಿಗೆ 2,000 ರೂಪಾಯಿ, ಅದರ ಜೊತೆ ದುರ್ಬಲತೆಯ ಪ್ರಮಾಣ ನೋಡಿ 2 ಲಕ್ಷದವರೆಗೆ ಒಂದೇ ಸಲದ ಹಣ. ಅಪಘಾತಕ್ಕಷ್ಟೇ ಅಲ್ಲ, ಕಾಯಿಲೆಯಿಂದ ದುರ್ಬಲರಾದವರಿಗೂ ಇದೆ. ಕಾರ್ಡು ನವೀಕರಿಸದೆ ಬಿಟ್ಟಿದ್ದರೆ ಮೊದಲು ಆ ಕೆಲಸ ಮಾಡಿ. ಕಾರ್ಮಿಕ ಸಹಾಯವಾಣಿ 155214.

ಪಿಎಫ್

ಪಿಎಫ್ ಕಡಿತ ಆಗುತ್ತಿದ್ದು, ನೌಕರಿಯಲ್ಲಿರುವಾಗಲೇ ಪೂರ್ತಿ ಮತ್ತು ಶಾಶ್ವತವಾಗಿ ದುಡಿಯಲಾಗದ ಸ್ಥಿತಿ ಬಂದರೆ 1995ರ ಪಿಂಚಣಿ ಯೋಜನೆಯಲ್ಲಿ ಅಂಗವೈಕಲ್ಯ ಪಿಂಚಣಿ ಇದೆ. ಹತ್ತು ವರ್ಷ ಆಗಿರಬೇಕಿಲ್ಲ, ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಫಾರ್ಮ್ 10ಡಿ. ಕಚೇರಿ ಹುಬ್ಬಳ್ಳಿಯ ನವನಗರದಲ್ಲಿದೆ. ಇಲ್ಲೂ ಮೆಡಿಕಲ್ ಬೋರ್ಡ್ ನೋಡುತ್ತದೆ. ಇಲ್ಲಿ 21ರ ಪಟ್ಟಿಯ ಪ್ರಶ್ನೆ ಬರುವುದಿಲ್ಲ, ದುಡಿಯಲು ಆಗುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಇದ್ಯಾವುದೂ ಇಲ್ಲದಿದ್ದರೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕಂದಿರಿಗೆ, ಜೀವನ ಪೂರ್ತಿ ಒಲೆ ಊದಿದ ಅವ್ವಂದಿರಿಗೆ ಮೇಲಿನ ಯಾವುದೂ ಸಿಗುವುದಿಲ್ಲ. ಅವರಿಗೆ ಹೇಳಲು ನನ್ನ ಹತ್ತಿರ ಕಡಿಮೆ ಇದೆ, ಅದು ನನಗೆ ಬೇಸರದ ವಿಷಯ. ವಯಸ್ಸು 65 ಆಗಿದ್ದರೆ ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200 ರೂಪಾಯಿ. ನಾಡಕಚೇರಿ ಅಥವಾ ಗ್ರಾಮ ಒನ್‌ನಲ್ಲಿ ಅರ್ಜಿ. ಗಂಡ ತೀರಿಕೊಂಡಿದ್ದರೆ ವಿಧವಾ ವೇತನ. ಈಗ ಟಿಬಿ ಚಿಕಿತ್ಸೆಯಲ್ಲಿದ್ದರೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕಿಗೆ ಬರಬೇಕು, ಬರದಿದ್ದರೆ ಟಿಬಿ ವಿಭಾಗದಲ್ಲಿ ಕೇಳಿ. ಆಸ್ಪತ್ರೆಗೆ ಸೇರಿಸಬೇಕಾದರೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ದಿನದ ಪಂಪು, ಮಾತ್ರೆಯನ್ನು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ.

ಅರ್ಜಿ ಕೊಟ್ಟ ಮೇಲೆ

ಯಾವ ಆಫೀಸಿಗೂ ಅಸಲು ಕಾಗದ ಕೊಟ್ಟು ಬರಬೇಡಿ. ಎರಡು ಸೆಟ್ ಝೆರಾಕ್ಸ್ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ "ಆಗೂದಿಲ್ಲ"ದ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ಉತ್ತರವೇ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿಯ ಸ್ಥಿತಿ ಕೇಳಬಹುದು.

ಆಫೀಸಿಗೆ ರೋಗಿಯನ್ನು ಪ್ರತಿ ಸಲ ಎಳೆದುಕೊಂಡು ಹೋಗಬೇಡಿ. ಮೊದಲು ನೀವೊಬ್ಬರೇ ಹೋಗಿ ಯಾವ ಮಹಡಿ, ಯಾವ ದಿನ, ಯಾರ ಟೇಬಲ್ಲು ಅಂತ ವಿಚಾರಿಸಿ ಬನ್ನಿ. ಕರೆದುಕೊಂಡು ಹೋಗುವ ದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಕೆಳಗೆಯೇ ಹೇಳಿ ಕಳಿಸಿ. ಕೇಳಿದರೆ ಇಳಿದು ಬಂದು ಸಹಿ ತೆಗೆದುಕೊಳ್ಳುವವರೂ ಇದ್ದಾರೆ, ನಾನು ನೋಡಿದ್ದೇನೆ.

ಪಿಎಫ್ ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ತಪ್ಪಿದರೆ ಹಣ ನಿಲ್ಲುತ್ತದೆ. ಇದಕ್ಕೆ ಬ್ಯಾಂಕಿಗೆ ಹೋಗಬೇಕಿಲ್ಲ. ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡಬಹುದು, ಇಲ್ಲವೇ ಪೋಸ್ಟ್‌ಮನ್‌ಗೆ ಹೇಳಿದರೆ ಮನೆಗೇ ಬಂದು ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಕಾಕಾ ಅವರದ್ದನ್ನು ಹೋದ ವರ್ಷ ಅಂಗಳದ ಕುರ್ಚಿಯಲ್ಲಿ ಕೂರಿಸಿ ನನ್ನ ಮೊಬೈಲಿನಲ್ಲೇ ಮಾಡಿದೆ. ಐದು ನಿಮಿಷ ಹಿಡಿಯಿತು.